ಸಂಸಾರದ ನಡುವೆ ಕಾನೂನು ಓದು



ನೌಕರಿ ಮಾಡುತ್ತ, ಮಕ್ಕಳನ್ನು ಸಾಕುತ್ತ ಕಾನೂನು ಪದವಿ ಪಡೆಯುವುದು ಹೇಗೆ ಎಂಬ ವಿಷಯದ ಮೇಲೆ ಮಾತನಾಡಲು ನನ್ನನ್ನು ಕರೆದಿದ್ದಾರೆ. ಕರೆಯಬೇಕಾದದ್ದು ಒಬ್ಬ ವಕೀಲರನ್ನು. ನಾನು ವಕೀಲನಲ್ಲ. ಸೊಲ್ಲಾಪುರದ ಒಂದು ಬ್ಯಾಂಕಿನಲ್ಲಿ 39 ವರ್ಷ ಗುಮಾಸ್ತನಾಗಿದ್ದು 2018ರಲ್ಲಿ ನಿವೃತ್ತನಾದವನು. ಓದಿದ್ದು ಮೆಟ್ರಿಕ್‌ವರೆಗೆ. ಆದರೆ ಹೀಗೆ ಓದಿ ವಕೀಲರಾದ ಇಬ್ಬರ ಮಗ್ಗುಲಲ್ಲಿ ನಾನು ಇದ್ದೆ. ಒಬ್ಬರು ಬ್ಯಾಂಕಿನಲ್ಲಿ ನನ್ನ ಪಕ್ಕದ ಕೌಂಟರಿನವರು. ಇನ್ನೊಬ್ಬಳು ನನ್ನ ಸೊಸೆ. ಓದಿದವರು ತಮ್ಮ ಕಥೆ ಹೇಳಿದರೆ ಪುಸ್ತಕ, ಪರೀಕ್ಷೆ, ಪ್ರೊಫೆಸರ್ ಬರುತ್ತಾರೆ. ಮಗ್ಗುಲಲ್ಲಿದ್ದವನು ಹೇಳಿದರೆ ಅಡಿಗೆಮನೆ, ಬಸ್ಸು, ಮಗುವಿನ ಜ್ವರ ಬರುತ್ತವೆ. ನಾನು ಹೇಳಬಲ್ಲದ್ದು ಈ ಎರಡನೆಯದನ್ನೇ.

ಮೊದಲು, ನಮ್ಮ ಮನೆಯಲ್ಲಿ ಕಾನೂನಿನ ಮಾತು ಯಾಕೆ ಬಂತು ಎಂಬುದನ್ನು ಹೇಳಬೇಕು. ನಮ್ಮದು ಅಕ್ಕಲಕೋಟೆ ತಾಲೂಕಿನ ಒಂದು ಸಣ್ಣ ಊರು. 1956ರಲ್ಲಿ ರಾಜ್ಯಗಳ ವಿಂಗಡಣೆ ಆದಾಗ ನಾವು ಈ ಕಡೆ ಉಳಿದವರು. ಮನೆಯಲ್ಲಿ, ಹೊಲದಲ್ಲಿ, ಗುಡಿಯಲ್ಲಿ ಕನ್ನಡ. ತಲಾಠಿಯ ಹತ್ತಿರ, ತಹಶೀಲಿಯಲ್ಲಿ, ಕೋರ್ಟಿನಲ್ಲಿ ಮರಾಠಿ. ಎರಡೂ ಭಾಷೆ ನಮಗೆ ಮಾತಿಗೆ ಬರುತ್ತವೆ. ಜಗಳಕ್ಕೂ ಬರುತ್ತವೆ, ಬೀಗತನಕ್ಕೂ ಬರುತ್ತವೆ. ಆದರೆ ಕಾಗದ ಓದುವುದು ಬೇರೆ ಮಾತು. ನಮ್ಮ ತಂದೆಯವರು ಕನ್ನಡ ಶಾಲೆಯಲ್ಲಿ ನಾಲ್ಕು ಇಯತ್ತೆ ಕಲಿತವರು. 1971ರಲ್ಲಿ ಅಕ್ಕನ ಮದುವೆಗಾಗಿ ಸಾಲ ತೆಗೆದು, ಎರಡು ಎಕರೆ ಹೊಲಕ್ಕೆ ಅಡವಿನ ಪತ್ರ, ಅಂದರೆ ನಮ್ಮ ಕಡೆಯ ಮಾತಿನಲ್ಲಿ ಗಹಾಣಖತ, ಬರೆದುಕೊಡುತ್ತಿದ್ದೇನೆ ಎಂದು ತಿಳಿದು ಸಹಿ ಹಾಕಿದರು. ಸಾಲ ತೀರಿಸಲು ಹೋದಾಗ ಗೊತ್ತಾಯಿತು, ಅದು ಖರೀದಿಖತವಾಗಿತ್ತು. ಹೊಲ ಮಾರಿಬಿಟ್ಟಂತಾಗಿತ್ತು. 9 ವರ್ಷ ಕೋರ್ಟಿಗೆ ಓಡಾಡಿದರು. ಕೊನೆಗೆ ಹಿರಿಯರು ನಡುವೆ ಬಂದು ರಾಜಿ ಮಾಡಿಸಿದಾಗ ಒಂದು ಎಕರೆ ಮರಳಿ ಬಂತು. ಅದು ಬರುವ ಹೊತ್ತಿಗೆ ಅದರ ಬೆಲೆಯಷ್ಟು ಖರ್ಚಾಗಿತ್ತು. ತಂದೆಯವರು ಸಾಯುವ ತನಕ ಒಂದೇ ಮಾತು ಹೇಳುತ್ತಿದ್ದರು: "ಅಕ್ಷರ ಓದಾಕ ಬಂದ್ರ ಸಾಲದು, ಕಾಗದ ಓದಾಕ ಬರಬೇಕು."

ಇದರಿಂದಾಗಿ ವಕೀಲನಾಗಬೇಕೆಂಬ ಆಸೆ ನನಗೂ ಇತ್ತು. ಆದರೆ ಕಾನೂನಿಗೆ ಸೇರಲು ಮೊದಲು ಪದವಿ ಬೇಕು. ನಾನು 1979ರಲ್ಲಿ ಬ್ಯಾಂಕು ಸೇರಿದೆ. ಹೊರಗಿನಿಂದ ಬಿ.ಎ. ಪರೀಕ್ಷೆಗೆ ಅರ್ಜಿ ತುಂಬಿ ಪುಸ್ತಕ ತಂದೆ. ಒಂದು ವರ್ಷ ತಂಗಿಯ ಮದುವೆ, ಮರು ವರ್ಷ ತಂದೆಯ ಬೇನೆ. ಪುಸ್ತಕಗಳನ್ನು ಕೊನೆಗೆ ಯಾರೋ ಹುಡುಗ ಕೇಳಿದನೆಂದು ಕೊಟ್ಟೆ. ಪರಿಸ್ಥಿತಿಯ ಮೇಲೆ ತಪ್ಪು ಹೊರಿಸುವುದು ಸುಲಭ. ಅದೇ ಪರಿಸ್ಥಿತಿಯಲ್ಲಿ ಓದಿದವರನ್ನು ಕಣ್ಣಾರೆ ನೋಡಿದ್ದರಿಂದ ಆ ಸುಲಭದ ದಾರಿ ನನಗಿಲ್ಲ.

ಆ ಮಿತ್ರರು ಬಿ.ಕಾಂ. ಆಗಿ ಬ್ಯಾಂಕಿಗೆ ಬಂದವರು. ನನಗಿಂತ ಐದು ವರ್ಷ ಹಿರಿಯರು. 1984ರಲ್ಲಿ ಕಾನೂನು ಕಾಲೇಜಿನ ಸಂಜೆಯ ತರಗತಿಗೆ ಹೆಸರು ಹಚ್ಚಿದರು. ಆಗ ನೌಕರಿಯವರಿಗೆಂದು ಬೆಳಗಿನ ಜಾವ ಅಥವಾ ಸಂಜೆ ಕಾನೂನು ತರಗತಿ ನಡೆಸುವ ರೂಢಿ ದೇಶದ ಅನೇಕ ಊರುಗಳಲ್ಲಿ ಇತ್ತು. ತರಗತಿ 6 ಗಂಟೆಗೆ. ಬ್ಯಾಂಕಿನ ಕೆಲಸ ಹೇಗಿತ್ತೆಂದು ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಕಂಪ್ಯೂಟರ್ ಇರಲಿಲ್ಲ. ಗಿರಾಕಿಗೆ ಹಿತ್ತಾಳೆಯ ಟೋಕನ್ ಕೊಡುತ್ತಿದ್ದೆವು. ಬಾಗಿಲು ಹಾಕಿದ ಮೇಲೆ ಸ್ಕ್ರೋಲ್, ಡೇ ಬುಕ್, ಲೆಡ್ಜರು ಎಲ್ಲ ತಾಳೆ ಆಗಬೇಕು. ಹತ್ತು ಪೈಸೆ ಹೆಚ್ಚು ಕಡಿಮೆ ಆದರೂ ಯಾರೂ ಮನೆಗೆ ಹೋಗುವಂತಿಲ್ಲ. ಅವರು ಐದೂವರೆ ಆಗುತ್ತಲೇ ಗಡಿಯಾರ ನೋಡುತ್ತಿದ್ದರು. ನಾನು "ನೀವು ನಡೀರಿ, ನಾ ತಾಳೆ ಮಾಡ್ತೀನಿ" ಎನ್ನುತ್ತಿದ್ದೆ. ಮೂರು ವರ್ಷ ಅವರ ಲೆಡ್ಜರನ್ನು ಎಷ್ಟೋ ಸಂಜೆ ನಾನೇ ತಾಳೆ ಮಾಡಿದೆ. ದೊಡ್ಡ ಉಪಕಾರ ಮಾಡಿದೆನೆಂದು ಹೇಳುತ್ತಿಲ್ಲ. ಮನೆಗೆ ಹೋಗಿಯಾದರೂ ನಾನು ಏನು ಮಾಡುತ್ತಿದ್ದೆ?

ಅವರ ಟೇಬಲ್ಲಿನ ಗಾಜಿನ ಕೆಳಗೆ ಬಾಬಾಸಾಹೇಬ ಅಂಬೇಡ್ಕರರ ಒಂದು ಚಿತ್ರವಿತ್ತು. ಅಂಬೇಡ್ಕರರು ಲಂಡನ್ನಿನ ಓದು ಅರ್ಧಕ್ಕೆ ನಿಂತು ಮರಳಿ ಬಂದು, 1918ರಿಂದ 1920ರವರೆಗೆ ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಹೇಳಿ, ಹಣ ಕೂಡಿಸಿಕೊಂಡು ಮತ್ತೆ ಹೋಗಿ ಬ್ಯಾರಿಸ್ಟರ್ ಆದದ್ದು ನಿಮಗೆ ಗೊತ್ತಿರಬಹುದು. "ಅವರು ದುಡಿದು ಓದಿದ್ರಪಾ, ನಮಗೇನಾಗೇದ?" ಎಂದು ಮಿತ್ರರು ಹೇಳುತ್ತಿದ್ದರು.

1987ರಲ್ಲಿ ಅವರು ಪಾಸಾದರು. ಶಿವಾಜಿ ವಿಶ್ವವಿದ್ಯಾಲಯದ ಪದವಿ ಪತ್ರ ಬಂತು. ಬ್ಯಾಂಕಿನಲ್ಲಿ ಪೇಢೆ ಹಂಚಿದರು. ಮರುದಿನ ಅದೇ ಕೌಂಟರಿಗೆ ಬಂದು ಕುಳಿತರು! ಯಾಕೆಂದರೆ, ಪೂರ್ಣಾವಧಿ ಸಂಬಳದ ನೌಕರಿಯಲ್ಲಿ ಇರುವವರು ವಕೀಲಿ ನಡೆಸುವಂತಿಲ್ಲ. ಇದು ವಕೀಲರ ಪರಿಷತ್ತಿನ ನಿಯಮ, ಇಂದಿಗೂ ಇದೆ. ಸನದು ಬೇಕೆಂದರೆ ನೌಕರಿ ಬಿಡಬೇಕು. ಮೂರು ಮಕ್ಕಳ ತಂದೆ ಹೇಗೆ ಬಿಟ್ಟಾರು? ಪದವಿ 14 ವರ್ಷ ಟ್ರಂಕಿನಲ್ಲಿ ಉಳಿಯಿತು. ನಡುವೆ 1993ರಲ್ಲಿ, 45 ವರ್ಷ ತುಂಬಿದವರಿಗೆ ಸನದು ಇಲ್ಲ ಎಂಬ ನಿಯಮವೂ ಬಂತು. ಅವರು ಆಗ 40ರವರು. ದಿನ ಎಣಿಸತೊಡಗಿದರು. 1995ರಲ್ಲಿ ಸುಪ್ರೀಂ ಕೋರ್ಟ್ ಆ ನಿಯಮವನ್ನು ರದ್ದು ಮಾಡಿತು. 2001ರಲ್ಲಿ ಬ್ಯಾಂಕುಗಳಲ್ಲಿ ಸ್ವಯಂ ನಿವೃತ್ತಿ ಯೋಜನೆ ಬಂದಾಗ ಅವರು ಅರ್ಜಿ ಕೊಟ್ಟು, 48ನೆಯ ವಯಸ್ಸಿನಲ್ಲಿ ಕರಿ ಕೋಟು ಹಾಕಿದರು. 45ರ ನಿಯಮ ಉಳಿದಿದ್ದರೆ ಆ ಕೋಟು ಅವರ ಮೈಮೇಲೆ ಏರುತ್ತಲೇ ಇರಲಿಲ್ಲ.

ಇದನ್ನು ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣವಿದೆ. ನೌಕರಿಯಲ್ಲಿರುವ ನಿಮ್ಮಲ್ಲಿ ಯಾರಾದರೂ ಕಾನೂನು ಓದಬೇಕೆಂದಿದ್ದರೆ, ಪದವಿ ಬೇರೆ, ಸನದು ಬೇರೆ ಎಂಬುದನ್ನು ಮೊದಲ ದಿನವೇ ತಿಳಿದುಕೊಳ್ಳಿರಿ. ಪದವಿ ಮಾತ್ರ ಸಾಕು ಎನ್ನುವವರೂ ಇರುತ್ತಾರೆ. ಕಚೇರಿಯಲ್ಲಿ ಬಡ್ತಿಗೆ, ಕಾನೂನು ವಿಭಾಗದ ಹುದ್ದೆಗೆ ಅದು ಉಪಯೋಗ. ಕೋರ್ಟಿನಲ್ಲಿ ನಿಲ್ಲಬೇಕೆಂದರೆ ಒಂದು ದಿನ ಸಂಬಳದ ಚೀಟಿಗೆ ಕೈಮುಗಿಯಬೇಕು.

ಇನ್ನು ಎರಡನೆಯ ಕಥೆ. ಇದು ನಮ್ಮ ಮನೆಯದು. ಇದರಲ್ಲಿ ನನ್ನ ತಪ್ಪೂ ಇದೆ.

ನನ್ನ ಸೊಸೆ ನಮ್ಮ ತಾಲೂಕಿನವಳೇ. ಏಳನೆಯ ಇಯತ್ತೆಯವರೆಗೆ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆ, ಮುಂದೆ ಮರಾಠಿ. ಬಿ.ಎ. ಮುಗಿಸಿ ಮದುವೆಯಾಗಿ ಬಂದಳು. ಸೊಲ್ಲಾಪುರದ ಒಂದು ಪತಸಂಸ್ಥೆಯಲ್ಲಿ ಲೆಕ್ಕ ಬರೆಯುವ ಕೆಲಸ ಮಾಡುತ್ತಿದ್ದಳು. ಮಗ ಔಷಧಿ ಕಂಪನಿಯ ಪ್ರತಿನಿಧಿ, ತಿಂಗಳಲ್ಲಿ 15 ದಿನ ಊರಲ್ಲಿ ಇರುವುದಿಲ್ಲ. 2016ರ ದೀಪಾವಳಿಯ ಮರುದಿನ ಸೊಸೆ ನನ್ನ ಎದುರು ನಿಂತು, "ಮಾವಾರ, ನಾ ಎಲ್.ಎಲ್.ಬಿ. ಓದಲೇನ್ರಿ?" ಎಂದಳು. ಅವಳಿಗೆ ಆಗ 31. ಮೊಮ್ಮಗನಿಗೆ 4. ನಾನು ಒಂದು ಕ್ಷಣವೂ ಯೋಚಿಸದೆ, "ಈಗ್ಯಾಕವ್ವಾ ಅದು? ಕೂಸು ಸಣ್ಣದೈತಿ" ಎಂದೆ. ಮಿತ್ರರ ಲೆಡ್ಜರನ್ನು ಮೂರು ವರ್ಷ ತಾಳೆ ಮಾಡಿದ ನಾನೇ ಹೀಗೆ ಹೇಳಿದೆ. ಬೇರೆಯವರ ಮನೆಯ ಗಂಡಸು ಓದುವುದಕ್ಕೆ ನೆರವಾಗುವುದು ಸುಲಭ. ನಮ್ಮ ಮನೆಯ ಹೆಣ್ಣುಮಗಳು ಓದುತ್ತೇನೆಂದರೆ ಮಾತ್ರ ಕೂಸು ನೆನಪಾಗುತ್ತದೆ.

ನನ್ನ ಹೆಂಡತಿ ಅಡಿಗೆಮನೆಯಿಂದಲೇ, "ಓದಲಿ ಬಿಡ್ರಿ. ಕೂಸಿಗೆ ನಾ ಇದ್ದೀನಲ್ಲ" ಎಂದಳು. ಮಾತು ಅಲ್ಲಿಗೆ ಮುಗಿಯಿತು. ಅವಳು ಅಷ್ಟು ಗಟ್ಟಿಯಾಗಿ ಯಾಕೆ ಹೇಳಿದಳೆಂದು ನನಗೆ ಆಗ ತಿಳಿಯಲಿಲ್ಲ. ತಿಳಿದದ್ದು ಎರಡು ವರ್ಷದ ಮೇಲೆ. ಅದನ್ನು ಮುಂದೆ ಹೇಳುತ್ತೇನೆ.

ಮಿತ್ರರ ಕಾಲಕ್ಕೂ ಸೊಸೆಯ ಕಾಲಕ್ಕೂ ನಿಯಮಗಳು ಬಹಳ ಬದಲಾಗಿದ್ದವು. ಭಾರತೀಯ ವಕೀಲರ ಪರಿಷತ್ತು 2008ರಲ್ಲಿ ಹೊಸ ಕಾನೂನು ಶಿಕ್ಷಣ ನಿಯಮಗಳನ್ನು ತಂದಿತು. ಅದರಂತೆ ತರಗತಿಗಳು ಬೆಳಿಗ್ಗೆ 8ರಿಂದ ಸಂಜೆ 7ರ ಒಳಗೇ ನಡೆಯಬೇಕು, ವಾರಕ್ಕೆ 30 ಗಂಟೆ ಪಾಠ ಆಗಬೇಕು. ಹಿಂದಿನ ಸಂಜೆ ಕಾಲೇಜಿನ ಬಾಗಿಲು ಹೀಗೆ ಮುಚ್ಚಿತು. ಒಂದೊಂದು ವಿಷಯದಲ್ಲಿ ನೂರಕ್ಕೆ 70 ಹಾಜರಿ ಬೇಕು. ಸೇರಲು ಪದವಿಯಲ್ಲಿ ನೂರಕ್ಕೆ 45 ಅಂಕ ಬೇಕು. ಹಿಂದುಳಿದ ವರ್ಗದವರಿಗೆ 42, ಪರಿಶಿಷ್ಟ ಜಾತಿ ಪಂಗಡದವರಿಗೆ 40. ಮೂರು ವರ್ಷದ ಕೋರ್ಸಿನಲ್ಲಿ ಒಟ್ಟು 12 ವಾರ ವಕೀಲರ ಹತ್ತಿರ ಅಥವಾ ಅಂಥ ಕಡೆ ಇಂಟರ್ನ್‌ಶಿಪ್ ಮಾಡಬೇಕು. ಅಂಚೆಯ ಮೂಲಕ, ದೂರಶಿಕ್ಷಣದ ಮೂಲಕ ಎಲ್.ಎಲ್.ಬಿ. ಕೊಡಿಸುತ್ತೇವೆಂದು ಯಾರಾದರೂ ನಿಮ್ಮಿಂದ ಹಣ ಕೇಳಿದರೆ ಕೊಡಬೇಡಿರಿ. ಅಂಥ ಪದವಿಗೆ ಸನದು ಸಿಗುವುದಿಲ್ಲ.

ವಯಸ್ಸಿನ ತೊಡಕೂ ಇತ್ತು. 2016ರ ಸೆಪ್ಟೆಂಬರಿನಲ್ಲಿ, ಮೂರು ವರ್ಷದ ಕೋರ್ಸಿಗೆ 30 ವರ್ಷ ದಾಟಿದವರನ್ನು ಸೇರಿಸಿಕೊಳ್ಳಬಾರದು ಎಂಬ ಮಿತಿಯನ್ನು ಪರಿಷತ್ತು ಮತ್ತೆ ಜಾರಿಗೆ ತಂದಿತ್ತು. ಸೊಸೆ ಅದನ್ನು ಪೇಪರಿನಲ್ಲಿ ಓದಿ ಒಂದು ವಾರ ಯಾರೊಡನೆಯೂ ಮಾತಾಡಲಿಲ್ಲ. 2017ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಆ ದಿನ ಮಿತ್ರರು ತಾವಾಗಿ ಫೋನು ಮಾಡಿ ಸುದ್ದಿ ಹೇಳಿದರು. ಒಂದು ತಲೆಮಾರಿನಲ್ಲಿ ಅವರಿಗೆ ಆದದ್ದೇ ಇನ್ನೊಂದು ತಲೆಮಾರಿನಲ್ಲಿ ಇವಳಿಗೂ ಆಯಿತು. ಅವಳು ಮಹಾರಾಷ್ಟ್ರದ ಸಿ.ಇ.ಟಿ. ಬರೆದು ಸೇರಿದಳು.

ತರಗತಿ ಬೆಳಿಗ್ಗೆ 8ರಿಂದ 1 ಗಂಟೆಗೆ. ಪತಸಂಸ್ಥೆಯವರಲ್ಲಿ ಕೇಳಿಕೊಂಡು, ಅರ್ಧ ಸಂಬಳಕ್ಕೆ ಮಧ್ಯಾಹ್ನ 3ರಿಂದ ರಾತ್ರಿ 8ರವರೆಗಿನ ಪಿಗ್ಮಿ ಲೆಕ್ಕದ ಕೆಲಸ ಹಿಡಿದಳು. ಓದಲು ಅಡ್ಡಿಯಿಲ್ಲವೆಂದು ಅವರಿಂದ ಬರಹದಲ್ಲಿ ಪತ್ರ ತೆಗೆದುಕೊಂಡಳು. ಇದು ಮಿತ್ರರ ಸಲಹೆ. ಈಗಂತೂ, 2024ರ ಸೆಪ್ಟೆಂಬರಿನ ಸುತ್ತೋಲೆಯ ಪ್ರಕಾರ, ವಿದ್ಯಾರ್ಥಿ ನೌಕರಿಯಲ್ಲಿದ್ದರೆ ಅದನ್ನು ಕಾಲೇಜಿಗೆ ತಿಳಿಸಬೇಕು, ನಿರಾಕ್ಷೇಪಣಾ ಪತ್ರ ಕೊಡಬೇಕು. ಹಾಜರಿಯನ್ನು ಬೆರಳಚ್ಚಿನ ಯಂತ್ರದಲ್ಲಿ ಹಿಡಿಯಬೇಕೆಂದೂ ಕಾಲೇಜುಗಳಿಗೆ ಹೇಳಿದೆ. ಮುಚ್ಚಿಟ್ಟು ಓದುವ ಕಾಲ ಮುಗಿಯಿತು.

ಅವಳ ದಿನ ಹೀಗಿತ್ತು. ನಸುಕಿನ 4ಕ್ಕೆ ಎದ್ದು ಒಂದೂವರೆ ತಾಸು ಓದು. ಆಮೇಲೆ ಜೋಳದ ರೊಟ್ಟಿ, ಪಲ್ಯ, ಮಗನ ಡಬ್ಬಿ. ಏಳೂಕಾಲಿಗೆ ಬಸ್ಸು. ಮಧ್ಯಾಹ್ನ ಮನೆಗೆ ಬಂದು ಉಂಡು, ಮಗನ ಮುಖ ನೋಡಿ ಮತ್ತೆ ಓಟ. ರಾತ್ರಿ ಎಂಟೂವರೆಗೆ ಬಂದರೆ ಮಗ ನಿದ್ದೆಗಣ್ಣಿನಲ್ಲಿ ಕಾಯುತ್ತಿರುತ್ತಿದ್ದ. ಮೊದಲ ವರ್ಷ ನಾನು ಇನ್ನೂ ನೌಕರಿಯಲ್ಲಿದ್ದೆ. ಎಲ್ಲ ಭಾರ ನನ್ನ ಹೆಂಡತಿಯ ಮೇಲೆ ಬಿತ್ತು. ಅವಳ ಮೊಣಕಾಲು ಆಗಲೇ ಹಿಡಿದಿದ್ದವು.

ಎರಡನೆಯ ಸೆಮಿಸ್ಟರಿನಲ್ಲಿ ಮೊಮ್ಮಗನಿಗೆ ಡೆಂಗ್ಯೂ ಜ್ವರ ಬಂತು. ಸೊಸೆ 12 ದಿನ ಕಾಲೇಜಿಗೆ ಹೋಗಲಿಲ್ಲ. ಒಂದು ವಿಷಯದಲ್ಲಿ ಹಾಜರಿ 70ಕ್ಕಿಂತ ಕೆಳಗಿಳಿಯಿತು. ವೈದ್ಯರ ಪ್ರಮಾಣಪತ್ರ ಕೊಟ್ಟು, ಬೇಡಿಕೊಂಡು ಪರೀಕ್ಷೆಗೆ ಕುಳಿತಳು. ಒಂದು ಪೇಪರು ಹೋಯಿತು. ಫಲಿತಾಂಶ ಬಂದ ರಾತ್ರಿ ಪುಸ್ತಕಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ ಅಟ್ಟದ ಮೇಲಿಟ್ಟಳು. "ಸಾಕ್ರಿ ಅತ್ತಿ, ನನ್ನಿಂದ ಆಗೂದಿಲ್ಲ" ಎಂದು ಅತ್ತಳು. ನನ್ನ ಹೆಂಡತಿ ಏನೂ ಅನ್ನಲಿಲ್ಲ. ಮರುದಿನ ಬೆಳಿಗ್ಗೆ ನನ್ನ ಕಡೆ ನೋಡಿ, "ಚೀಲ ಕೆಳಗ ಇಳಸ್ರಿ. ನನ್ನ ಕಾಲಿಗೆ ನಿಚ್ಚಣಿಕಿ ಹತ್ತಾಕ ಆಗೂದಿಲ್ಲ" ಎಂದಳು. ಇಳಿಸಿದೆ. ಆ ಓದಿಗಾಗಿ ನಾನು ಮಾಡಿದ ಮೊದಲ ಕೆಲಸ ಅದು.

ಮುಂದಿನ ಕೆಲವೇ ವಾರಗಳಲ್ಲಿ ನಿವೃತ್ತನಾದೆ. ಹಾರ, ಶಾಲು, ತೆಂಗಿನಕಾಯಿ ಹಿಡಿದು ಮನೆಗೆ ಬಂದ ಮರುದಿನದಿಂದ ಮೊಮ್ಮಗನನ್ನು ಶಾಲೆಗೆ ಬಿಟ್ಟು ಕರೆತರುವುದು, ಸಂತೆ, ಹಾಲು, ಪಾತ್ರೆ ನನ್ನ ಪಾಲಿಗೆ ಬಂದವು. ರೊಟ್ಟಿ ಬಡಿಯಲು ಹೋಗಿ ಸೋತೆ. ಹಂಚಿಗೆ ಹಾಕುವ ಮೊದಲೇ ಹರಿಯುತ್ತಿತ್ತು. ಅನ್ನ, ಸಾರು ಕಲಿತೆ. ಜೊತೆಗೆ ಬ್ಯಾಂಕಿನ ಒಂದು ಹಳೆಯ ಡೈರಿಯಲ್ಲಿ ಸೊಸೆಯ ಹಾಜರಿಯ ಲೆಕ್ಕ ಇಟ್ಟೆ. ವಿಷಯಕ್ಕೊಂದು ಪುಟ, ಆದ ತರಗತಿ ಇಷ್ಟು, ಹೋದದ್ದು ಇಷ್ಟು, ಬಾಕಿ ಇರುವ ರಜೆ ಇಷ್ಟು. ಹತ್ತಕ್ಕೆ ಮೂರೇ ರಜೆ. ಅದನ್ನು ಬ್ಯಾಂಕಿನ ಠೇವಣಿಯಂತೆ ಕಾಯ್ದುಕೊಳ್ಳಬೇಕು, ಮದುವೆ ಮುಂಜಿವೆಗೆ ಖರ್ಚು ಮಾಡಬಾರದು, ಕೂಸಿನ ಜ್ವರಕ್ಕೆ ಇಟ್ಟುಕೊಳ್ಳಬೇಕು. ಎರಡು ವರ್ಷ ನಾವು ಬೀಗರ ಮದುವೆಗಳಿಗೆ ಅವಳನ್ನು ಬಿಟ್ಟು ಹೋದೆವು. ಮಾತು ಕೇಳಿದೆವು.

ಲೀಲಾ ಸೇಠ್ ಎಂಬ ಹಿರಿಯ ನ್ಯಾಯಮೂರ್ತಿಗಳ ಹೆಸರು ಕೇಳಿರಬಹುದು. 1991ರಲ್ಲಿ ಹಿಮಾಚಲ ಪ್ರದೇಶದ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದರು. ಈ ದೇಶದಲ್ಲಿ ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ. ಗಂಡನ ನೌಕರಿಯ ನಿಮಿತ್ತ ಲಂಡನ್ನಿನಲ್ಲಿದ್ದಾಗ, ಮಡಿಲಲ್ಲಿ ಸಣ್ಣ ಮಗು ಇಟ್ಟುಕೊಂಡು ಓದಿ, 1958ರಲ್ಲಿ ಅಲ್ಲಿಯ ಬಾರ್ ಪರೀಕ್ಷೆಯಲ್ಲಿ ಮೊದಲಿಗರಾದರು. ಅವರು ಕಾನೂನನ್ನು ಆರಿಸಿಕೊಂಡ ಕಾರಣವೇ, ಅಲ್ಲಿ ಹಾಜರಿಯ ಬಿಗಿ ಇಲ್ಲ, ಮಗುವನ್ನು ನೋಡಿಕೊಂಡು ಓದಬಹುದು ಎಂಬುದು. ನಮ್ಮಲ್ಲಿ ಹಾಜರಿಯ ಬಿಗಿ ಇರಲಿ, ಬೇಡವೆನ್ನುವುದಿಲ್ಲ. ಪಾಠ ಕೇಳದೆ ಪದವಿ ಕೊಂಡವರ ಕೈಗೆ ನಮ್ಮ ಹೊಲ ಮನೆ ಸಿಕ್ಕರೆ ಕಷ್ಟ. ಆದರೆ ಆ 70ರ ಹಿಂದೆ ಒಂದು ಮನೆಯೇ ನಿಲ್ಲಬೇಕಾಗುತ್ತದೆ ಎಂಬುದು ನೆನಪಿರಲಿ.

ಓದಿನ ಭಾಷೆಯ ಮಾತು ನಮ್ಮ ಗಡಿಯವರಿಗೆ ವಿಶೇಷ. ಪುಸ್ತಕ ಇಂಗ್ಲಿಷ್, ಕ್ಲಾಸಿನ ವಿವರಣೆ ಹೆಚ್ಚಾಗಿ ಮರಾಠಿ, ತಲೆಯೊಳಗಿನ ವಿಚಾರ ಕನ್ನಡ. ಸೊಸೆ ಒಂದು ನೋಟುಬುಕ್ಕಿನಲ್ಲಿ ಮೂರು ಮನೆ ಹಾಕಿಕೊಂಡಳು. ಇಂಗ್ಲಿಷಿನ ಕನ್ಸಿಡರೇಷನ್, ಮರಾಠಿಯ ಮೋಬದಲಾ, ಕನ್ನಡದ ಪ್ರತಿಫಲ ಮೂರೂ ಒಂದು ಸಾಲಿನಲ್ಲಿ. ಲಿಮಿಟೇಷನ್, ಮುದತ್, ಕಾಲಮಿತಿ ಇನ್ನೊಂದರಲ್ಲಿ. ನಾನು ಪಕ್ಕದಲ್ಲಿ ಕುಳಿತು ಕನ್ನಡದ ಮನೆ ತುಂಬಲು ನೆರವಾಗುತ್ತಿದ್ದೆ. ಆಗ ಗೊತ್ತಾಯಿತು, ನಾವು ಅಂಜುವಷ್ಟು ದೂರ ಅವು ಇಲ್ಲ. ತಕರಾರು, ಜಪ್ತಿ, ಜಾಮೀನು, ಪುರಾವೆ, ತಾಬಾ ಎಲ್ಲ ನಮ್ಮ ಅಜ್ಜಿಯರ ಬಾಯಲ್ಲೇ ಇದ್ದ ಮಾತುಗಳು.

ಇನ್ನೊಂದು ಸಂತೋಷದ ಸಂಗತಿ. ದುಡಿಯುತ್ತ ಓದುವವರಿಗೆ ದುಡಿಮೆಯೇ ಕೆಲವು ಪಾಠ ಕಲಿಸಿರುತ್ತದೆ. ಚೆಕ್ಕು ವಾಪಸಾದರೆ ಹೂಡುವ ಮೊಕದ್ದಮೆ, ಅಂದರೆ ಲಿಖಿತಗಳ ಕಾಯ್ದೆಯ 138ನೆಯ ಕಲಮು, ಬಂದಾಗ ಮೆಟ್ರಿಕ್ ಮಾವನೇ ಮೇಷ್ಟರಾದ. ಚೆಕ್ಕು ತಿರುಗಿಬಂದಾಗ ಬ್ಯಾಂಕು ಕೊಡುವ ಮೆಮೊವನ್ನು ನಾನು ಸಾವಿರ ಸಲ ಬರೆದವನು. ಆ ಮೆಮೊ ಕೈಗೆ ಬಂದ 30 ದಿನದೊಳಗೆ ನೋಟೀಸು, ನೋಟೀಸು ಮುಟ್ಟಿದ ಮೇಲೆ ಹಣ ಕೊಡಲು 15 ದಿನ, ಕೊಡದಿದ್ದರೆ ಮುಂದಿನ ಒಂದು ತಿಂಗಳಲ್ಲಿ ಕೋರ್ಟು. ಗಿರಾಕಿಗಳು ದಿನ ತಪ್ಪಿಸಿಕೊಂಡು ಬಂದು ಕೌಂಟರಿನ ಮುಂದೆ ಹಣೆ ಚಚ್ಚಿಕೊಂಡದ್ದನ್ನು ನೋಡಿದ್ದೆ. ಸಾಲದ ಕಾಗದಕ್ಕೆ ಮೂರು ವರ್ಷ ತುಂಬುವ ಮೊದಲು ಬ್ಯಾಂಕಿನವರು ಮನೆಗೆ ಬಂದು ಬಾಕಿ ಒಪ್ಪಿಗೆಯ ಸಹಿ ಯಾಕೆ ತೆಗೆದುಕೊಳ್ಳುತ್ತಾರೆ ಎಂಬುದನ್ನೂ ಹೇಳಿಕೊಟ್ಟೆ. ಆ ಸಹಿಯಿಂದ ಕಾಲಮಿತಿ ಮತ್ತೆ ಮೊದಲಿನಿಂದ ಎಣಿಕೆಯಾಗುತ್ತದೆ. ಆ ಪೇಪರಿನಲ್ಲಿ ಅವಳಿಗೆ ಒಳ್ಳೆಯ ಅಂಕ ಬಂದವು. ಅದು ನನ್ನ ಜೀವನದಲ್ಲಿ ನಾನು ಪಾಸಾದ ಕೊನೆಯ ಪರೀಕ್ಷೆ ಎಂದು ತಿಳಿದುಕೊಂಡಿದ್ದೇನೆ.

ಈಗ ಹಿಂದೆ ಹೇಳುತ್ತೇನೆಂದು ಬಿಟ್ಟ ಮಾತು. 2018ರ ಕೊನೆಗೆ, ಒಂದು ರಾತ್ರಿ ಸೊಸೆ ಕೌಟುಂಬಿಕ ಕಾನೂನಿನ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದಳು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿಯಾಗಿ, ಆ ವರ್ಷದ ಸೆಪ್ಟೆಂಬರ್ 9ರಿಂದ ಹಿರಿಯರ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು, ಹುಟ್ಟಿನಿಂದಲೇ ಹಕ್ಕು. ನನ್ನ ಹೆಂಡತಿ ಹತ್ತಿರ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಲ್ಲಿಸಿ, "ಲಗ್ನ ಆದ ಮಗಳಿಗೂ ಏನವ್ವಾ?" ಎಂದು ಕೇಳಿದಳು. "ಹೌದ್ರಿ ಅತ್ತಿ, ಲಗ್ನ ಆದವರಿಗೂ" ಎಂದಳು ಸೊಸೆ.

ನನ್ನ ಮಾವನವರು 2006ರಲ್ಲಿ ತೀರಿಕೊಂಡರು. 2007ರಲ್ಲಿ ಭಾವನವರು ಒಂದು ಕಾಗದ ತಂದಿದ್ದರು. ಹಕ್ಕುಬಿಡುಗಡೆಯ ಪತ್ರ. ಹೆಂಡತಿ, "ಇದರಾಗ ಏನೈತಿ?" ಎಂದು ನನ್ನನ್ನು ಕೇಳಿದ್ದಳು. ಬ್ಯಾಂಕಿನಲ್ಲಿ ದಿನವಿಡೀ ಕಾಗದ ಓದುವ ನಾನು ಅದನ್ನು ಓದದೆಯೇ, "ಸಹಿ ಮಾಡು. ಅಣ್ಣನ ಕೂಡ ಯಾಕ ಜಗಳ" ಎಂದಿದ್ದೆ. ತಂದೆಯವರ ಎರಡು ಎಕರೆಯ ಕಥೆಯನ್ನು ಊರೆಲ್ಲ ಹೇಳಿಕೊಂಡು ತಿರುಗಿದ ನಾನು ನನ್ನ ಮನೆಯಲ್ಲೇ ಅದನ್ನು ಮಾಡಿಸಿದ್ದೆ. ಬಹುಶಃ ಕಾಗದ ತಿಳಿದಿದ್ದರೂ ಅವಳು ಅಣ್ಣನಿಗೆ ಬಿಟ್ಟುಕೊಡುತ್ತಿದ್ದಳು. ಆದರೆ ತಿಳಿದು ಕೊಡುವುದು ದಾನ. ತಿಳಿಯದೆ ಕೊಟ್ಟದ್ದಕ್ಕೆ ಏನೆನ್ನಬೇಕು?

ಸೊಸೆಗೆ ವಿಷಯ ಅರ್ಥವಾಗಿ ಪುಸ್ತಕ ಮುಚ್ಚಿದಳು. ನೋಂದಣಿಯಾಗಿ 11 ವರ್ಷ ಕಳೆದಿತ್ತು, ಕೆದಕುವಂತಿರಲಿಲ್ಲ. ನಾನು ತಲೆ ಎತ್ತಲಿಲ್ಲ. ಹೆಂಡತಿ ಮತ್ತೆ ಅವರೆಕಾಯಿ ಕೈಗೆ ತೆಗೆದುಕೊಂಡು, "ನಿಲ್ಲಿಸಬ್ಯಾಡವ್ವಾ, ಮುಂದ ಓದು" ಎಂದಳು. ಅಷ್ಟೇ. ಮೊದಲ ದಿನ ಅಡಿಗೆಮನೆಯಿಂದ ಬಂದ ಆ ಗಟ್ಟಿ ದನಿಯ ಅರ್ಥ ನನಗೆ ಆ ರಾತ್ರಿ ಆಯಿತು. ಕಾಗದದಲ್ಲಿ ಏನೋ ಹೋಯಿತೆಂದು ಅವಳಿಗೆ ಮೊದಲೇ ಅನಿಸಿತ್ತು; ಏನು ಹೋಯಿತೆಂದು ಹೇಳುವವರು ಮನೆಯಲ್ಲಿ ಇರಲಿಲ್ಲ.

ಮುಂದಿನದನ್ನು ಬೇಗ ಹೇಳುತ್ತೇನೆ. ಕೊನೆಯ ಪರೀಕ್ಷೆ 2020ರಲ್ಲಿ, ಕೊರೋನಾ ವರ್ಷ, ಮನೆಯಲ್ಲೇ ಕುಳಿತು ಬರೆದಳು. ಪಾಸಾದಳು. ಪತಸಂಸ್ಥೆಯ ಕೆಲಸ ಬಿಟ್ಟು ಸನದು ಪಡೆದಳು. 2010ರಿಂದ ಸನದಿನ ಜೊತೆಗೆ ಅಖಿಲ ಭಾರತ ಬಾರ್ ಪರೀಕ್ಷೆಯನ್ನೂ ಪಾಸು ಮಾಡಬೇಕೆಂದು ನಿಯಮವಿದೆ. ಅದೂ ಆಯಿತು. ಸನದಿನ ಶುಲ್ಕದ ಬಗ್ಗೆ ಒಂದು ಮಾತು: ವಕೀಲರ ಕಾಯ್ದೆಯಲ್ಲಿ ಹೇಳಿದ್ದು ಸಾಮಾನ್ಯರಿಗೆ 750 ರೂಪಾಯಿ, ಪರಿಶಿಷ್ಟರಿಗೆ 125. ಅದಕ್ಕಿಂತ ಹೆಚ್ಚು ಕೇಳಬಾರದೆಂದು 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ಹೇಳಿದೆ. ಬಡವರ ಮಕ್ಕಳಿಗೆ ಇದು ದೊಡ್ಡ ಅನುಕೂಲ. ಓದು ಅಲ್ಲಿಗೇ ಮುಗಿಯಲಿಲ್ಲ. 2024ರ ಜುಲೈ 1ರಿಂದ ಹಳೆಯ ದಂಡಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ನಾವು ಮಾತಿಗೆ ಮೋಸಗಾರನನ್ನು 420 ಎನ್ನುತ್ತೇವೆ. ಆ ಕಲಮು ಈಗ 318 ಆಗಿದೆ. ಸೊಸೆ ಮತ್ತೆ ನಸುಕಿನಲ್ಲಿ ಎದ್ದು ಓದಿದಳು.

ಹಣದ ಮಾತನ್ನು ಮುಚ್ಚಿಡಬಾರದು. ಅವಳು ನನ್ನ ಮಿತ್ರರ ಕೈಕೆಳಗೆ ಜೂನಿಯರ್ ಆದಳು. ಮೊದಲ ವರ್ಷ ಅವಳು ತಂದದ್ದು ಬಸ್ಸಿನ ಖರ್ಚಿಗೂ ಸಾಲಲಿಲ್ಲ. ಎರಡನೆಯ ವರ್ಷ ಪತಸಂಸ್ಥೆಯ ಅರ್ಧ ಸಂಬಳದಷ್ಟು ಬಂತು. ಮಗ ಒಂದೆರಡು ಸಲ ಸಿಡುಕಿದ. ಅವನದೂ ತಪ್ಪಲ್ಲ, ಮನೆ ಸಾಲದ ಕಂತು ಅವನೊಬ್ಬನ ಮೇಲಿತ್ತು. ಈಗ ಸ್ವಲ್ಪ ಕೈ ಹಿಡಿದಿದೆ. ಅಕ್ಕಲಕೋಟೆಯ ಕಡೆಯಿಂದ ಕನ್ನಡದ ಜನ, ಹೆಚ್ಚಾಗಿ ಹೆಣ್ಣುಮಕ್ಕಳು, ಕಾಗದ ಹಿಡಿದು ಬರುತ್ತಾರೆ. ಅವಳು ಮೊದಲು ಮಾಡುವ ಕೆಲಸ, ಮರಾಠಿ ಕಾಗದವನ್ನು ಸಾಲು ಸಾಲಾಗಿ ಕನ್ನಡದಲ್ಲಿ ಹೇಳುವುದು. ಆಮೇಲೇ ಸಹಿಯ ಮಾತು.

ಆದ್ದರಿಂದ, ಓದಬೇಕೆಂದಿರುವ ತಮ್ಮ ತಂಗಿಯರೇ, ಗುಮಾಸ್ತನ ನಾಲ್ಕು ಮಾತು ಬರೆದುಕೊಳ್ಳಿರಿ. ಪದವಿಯ ಅಂಕ ಎಷ್ಟಿದೆ ನೋಡಿಕೊಳ್ಳಿರಿ. ಕಾಲೇಜಿಗೆ ಪರಿಷತ್ತಿನ ಮಾನ್ಯತೆ ಇದೆಯೇ, ತರಗತಿ ಎಷ್ಟು ಹೊತ್ತಿಗೆ ಎಂದು ಹಣ ಕಟ್ಟುವ ಮೊದಲು ಕೇಳಿರಿ. ನೌಕರಿಯವರಾದರೆ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಸನದಿನ ನಂತರದ ಎರಡು ವರ್ಷಕ್ಕೆ ಮನೆಖರ್ಚಿನ ದಾರಿ ಮೊದಲೇ ನೋಡಿಟ್ಟುಕೊಳ್ಳಿರಿ.

ಮನೆಯ ಹಿರಿಯರಿಗೆ ಒಂದೇ ಮಾತು. ಆಶೀರ್ವಾದ ಮಾತ್ರ ಕೊಟ್ಟು ಸುಮ್ಮನಾಗಬೇಡಿರಿ, ದಿನಕ್ಕೆ ಎರಡು ತಾಸು ಕೊಡಿರಿ. ಯಾವ ಎರಡು ತಾಸು ಎಂದು ಮೊದಲೇ ಹೇಳಿರಿ, ಹೇಳಿದ್ದನ್ನು ನಡೆಸಿರಿ.

ಹೋದ ವರ್ಷ ಬ್ಯಾಂಕಿನಲ್ಲಿ ನಾಮನಿರ್ದೇಶನದ ಒಂದು ಅರ್ಜಿಗೆ ಹೆಂಡತಿಯ ಸಹಿ ಬೇಕಾಗಿತ್ತು. ನಾನು ಪೆನ್ನು ಕೊಟ್ಟೆ. ಅವಳು ಪೆನ್ನನ್ನು ಪಕ್ಕಕ್ಕಿಟ್ಟು, ಸೊಸೆ ಕೋರ್ಟಿನಿಂದ ಬರುವ ತನಕ ಕಾಯ್ದಳು. ಮೊದಲಿನಿಂದ ಕೊನೆಯವರೆಗೆ ಓದಿಸಿ ಕೇಳಿ, ಎರಡು ಪ್ರಶ್ನೆ ಹಾಕಿ, ಆಮೇಲೆ ಸಹಿ ಮಾಡಿದಳು. ಆ ರಾತ್ರಿ ಊಟಕ್ಕೆ ತಡವಾಯಿತು. ಯಾರೂ ಏನೂ ಅನ್ನಲಿಲ್ಲ.